ಮನೆಯ ಕಂಪ್ಯೂಟರಿಗೆ ಬಿದ್ದ ಬೀಗ

ಕಳ್ಳನು ಮನೆಯ ಒಡವೆಯನ್ನು ಹೊತ್ತುಕೊಂಡು ಹೋಗುವುದು ಲೋಕರೂಢಿ. ಒಡವೆಯನ್ನು ಮನೆಯಲ್ಲಿಯೇ ಬಿಟ್ಟು, ಅದಿರುವ ಪೆಟ್ಟಿಗೆಗೆ ತನ್ನದೊಂದು ಬೀಗವನ್ನು ಜಡಿದು, “ಹಣ ಕೊಟ್ಟರೆ ಬೀಗದ ಕೈ ಕೊಡುವೆನು” ಎಂದು ಚೀಟಿ ಬರೆದಿಟ್ಟು ಹೋಗುವ ಕಳ್ಳನನ್ನು ನಮ್ಮ ಹಿರಿಯರು ಕಂಡಿರಲಾರರು. ಇಂದು ಅಂಥ ಕಳ್ಳನೂ ಹುಟ್ಟಿಕೊಂಡಿದ್ದಾನೆ. ಅವನು ಜಡಿಯುವ ಬೀಗಕ್ಕೆ ರ‍್ಯಾನ್ಸಮ್‌ವೇರ್ ಎಂದು ಹೆಸರು. ಕನ್ನಡದ ಅಧ್ಯಾಪಕರಾದ ನಾವು ಈ ವಿಷಯವನ್ನು ಕುರಿತು ಬರೆಯಹೊರಟಿರುವುದು ಪಾಂಡಿತ್ಯದ ಬಲದಿಂದಲ್ಲ. ಪೆಟ್ಟು ತಿಂದ ಅನುಭವದಿಂದ.

ಎರಡು ವರುಷಗಳ ಹಿಂದಿನ ಮಾತು. ಸಿಕಂದರಾಬಾದಿನ ನಮ್ಮ ಬಾಡಿಗೆಯ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರು ಇದ್ದಿತು. ಈ ಊರಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಬೇಕಾದ ಅಭ್ಯಾಸಪತ್ರಗಳು ಅಂಗಡಿಯಲ್ಲಿ ಸುಲಭವಾಗಿ ದೊರೆಯುವಂಥವಲ್ಲ; ಅಧ್ಯಾಪಕರೇ ಸಿದ್ಧಪಡಿಸಿಕೊಳ್ಳಬೇಕು. ಎಂಟು ವರುಷಗಳಿಂದ ರಾತ್ರಿಯ ಹೊತ್ತು ಕುಳಿತು ‘ನುಡಿ’ಯಲ್ಲಿ ಬೆರಳಚ್ಚು ಮಾಡಿದ ಟಿಪ್ಪಣಿಗಳೂ ಪ್ರಶ್ನೆಪತ್ರಿಕೆಗಳೂ ಅದರಲ್ಲಿದ್ದವು. ಬೀದರ ಸೀಮೆಯವರಾದ ನಮ್ಮ ತಾಯಿಯವರು ಹಾಡಿದ ಬೀಸುವ ಪದಗಳ ಧ್ವನಿಮುದ್ರಣವೂ ಅದರಲ್ಲಿಯೇ ಇದ್ದಿತು. ಅವರು ಈಗಿಲ್ಲ.

ಒಂದು ದಿನ ಸಂಜೆ ನಮ್ಮ ಮಗನು, ಹಣ ಕೊಟ್ಟು ಕೊಳ್ಳಬೇಕಾದ ಆಟವೊಂದನ್ನು ಪುಕ್ಕಟೆಯಾಗಿ ಪಡೆಯಲೆಂದು ‘ಕ್ರ್ಯಾಕ್’ ಎಂಬ ಕಡತವನ್ನು ಇಳಿಸಿಕೊಂಡನು. ವೈರಸ್ಸುಗಳನ್ನು ತಡೆಯುವ ಕಾವಲನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕೆಂದು ಅದರೊಡನೆ ಸೂಚನೆಯಿದ್ದಿತು; ಅವನು ನಿಲ್ಲಿಸಿದನು. ಮರುದಿನ ನೋಡಿದರೆ ಒಂದು ಕಡತವೂ ತೆರೆಯಲೊಲ್ಲದು. ಪ್ರತಿಯೊಂದರ ಹೆಸರಿಗೂ ಅರ್ಥವಿಲ್ಲದ ನಾಲ್ಕಕ್ಷರದ ಬಾಲ ಅಂಟಿಕೊಂಡಿದೆ. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಪತ್ರ: ಬೀಗದ ಕೈಯ ಬೆಲೆ 980 ಡಾಲರು, 72 ಗಂಟೆಗಳೊಳಗೆ ಸಂಪರ್ಕಿಸಿದರೆ ಅರ್ಧಬೆಲೆ, 490 ಡಾಲರು.

ನಾವು ಮಾಡಿದ್ದೇನು? ಮೊದಲು ಹುಡುಗನನ್ನು ಮನಸಾರೆ ಬೈದೆವು. ಅನಂತರ ಕಂಪ್ಯೂಟರನ್ನು ರಿಪೇರಿಯವನ ಬಳಿಗೆ ಹೊತ್ತೆವು. “ಸಾರ್, ಫಾರ್ಮ್ಯಾಟ್ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ” ಎಂದನು. ನಾವು ತಲೆಯಾಡಿಸಿದೆವು. ಸಾಯಂಕಾಲದ ಹೊತ್ತಿಗೆ ಕಂಪ್ಯೂಟರು ಹೊಸದರಂತಾಗಿದ್ದಿತು. ಹೊಸದರಂತೆಯೇ ಬರಿದೂ ಆಗಿದ್ದಿತು.

ನಮ್ಮ ಅಜ್ಞಾನದ ಆಳ ತಿಳಿದದ್ದು ಆಮೇಲೆ. ನಮ್ಮ ಮನೆಗೆ ಬಂದದ್ದು, ಪತ್ರದ ಒಕ್ಕಣೆಯಿಂದ ತಿಳಿಯುವಂತೆ, ‘ಸ್ಟಾಪ್’ ಎಂಬ ಜಾತಿಯದು. ಮನೆಬಳಕೆಯ ಕಂಪ್ಯೂಟರುಗಳನ್ನೇ ಹೆಚ್ಚಾಗಿ ಹಿಡಿದ ಪಿಡುಗು ಇದು. ಇದರ ಬೀಗವು ದೇವಸ್ಥಾನದ ಹುಂಡಿಯಂತೆ. ಹಣವನ್ನು ಯಾರು ಬೇಕಾದರೂ ಒಳಗೆ ಹಾಕಬಹುದು. ಹೊರಗೆ ತೆಗೆಯುವುದು ಬೀಗದ ಕೈ ಉಳ್ಳವನಿಂದ ಮಾತ್ರ ಸಾಧ್ಯ. ಕಡತವನ್ನು ಮುಚ್ಚುವುದಕ್ಕೆ ಬೇಕಾದ ಸಂಖ್ಯೆ ನಮ್ಮ ಕಂಪ್ಯೂಟರಿಗೆ ಬರುತ್ತದೆ. ತೆರೆಯುವ ಸಂಖ್ಯೆ ದುಷ್ಟನ ಬಳಿಯಲ್ಲಿಯೇ ಉಳಿಯುತ್ತದೆ. ಊಹಿಸಿ ತೆರೆಯುವೆವೆಂದರೆ ಮನುಷ್ಯನ ಆಯುಸ್ಸು ಸಾಲದು.

ಆದರೆ ಈ ದುಷ್ಟನ ಕೆಲಸದಲ್ಲಿಯೂ ಬಿರುಕುಗಳುಂಟು. ಮುಚ್ಚುವ ಗಳಿಗೆಯಲ್ಲಿ ತನ್ನ ಒಡೆಯನ ಕಂಪ್ಯೂಟರಿನೊಡನೆ ಸಂಪರ್ಕ ದೊರೆಯದಿದ್ದರೆ, ‘ಸ್ಟಾಪ್’ ತನ್ನೊಳಗೆ ಮೊದಲೇ ಅಡಗಿಸಿಟ್ಟ ಒಂದು ಸಾಮಾನ್ಯ ಸಂಖ್ಯೆಯನ್ನೇ ಬಳಸುತ್ತದೆ. ಹಾಗೆ ಬಳಸಿದ ಕಡೆ ಒಬ್ಬರಿಗೆ ದೊರೆತ ಬೀಗದ ಕೈ ಹಲವರಿಗೆ ಆಗಿಬರುತ್ತದೆ. 2019ರ ಅಕ್ಟೋಬರಿನಲ್ಲಿ ಎಂಸಿಸಾಫ್ಟ್ ಎಂಬ ಸಂಸ್ಥೆಯು ಇದರ 148 ಪ್ರಭೇದಗಳಿಗೆ ಉಚಿತ ಪರಿಹಾರವನ್ನು ಹೊರತಂದಿತು. ಎಲ್ಲರ ಕಡತಗಳೂ ಅದರಿಂದ ತೆರೆದುಕೊಂಡವೆಂದಲ್ಲ. ಎಷ್ಟೋ ಜನರವು ತೆರೆದುಕೊಂಡವು. ಇನ್ನೊಂದು ಸಂಗತಿಯುಂಟು. ಅವಸರದ ಈ ಕಳ್ಳನು ಕಡತವನ್ನು ಪೂರ್ತಿಯಾಗಿ ಮುಚ್ಚುವುದಿಲ್ಲ. ಮೊದಲ 150 ಕಿಲೋಬೈಟಿನಷ್ಟನ್ನು ಮಾತ್ರ ಮುಚ್ಚುತ್ತಾನೆ. ಆದುದರಿಂದ ದೊಡ್ಡ ಧ್ವನಿಮುದ್ರಣಗಳಲ್ಲಿ ಆರಂಭದ ಕೆಲವು ಕ್ಷಣಗಳನ್ನು ಬಿಟ್ಟು ಉಳಿದುದನ್ನು ಎಷ್ಟೋ ವೇಳೆ ಸರಿಪಡಿಸಿಕೊಳ್ಳಬಹುದು. ಇದನ್ನು ಓದಿದ ದಿನ ನಮಗೆ ಅನ್ನ ಸೇರಲಿಲ್ಲ. ನಮ್ಮ ತಾಯಿಯವರ ಹಾಡಿಗೆ ಬೀಗ ಹಾಕಿದವನು ಆ ಕಳ್ಳನು. ಅದನ್ನು ಅಳಿಸಿದವರು ನಾವು.

ಆದುದರಿಂದ ನಮ್ಮ ಮೊದಲನೆಯ ಅಭಿಪ್ರಾಯವಿದು: ಪಿಡುಗನ್ನು ತೆಗೆಯುವುದು ಬೇರೆ, ಕಡತವನ್ನು ಪಡೆಯುವುದು ಬೇರೆ. ಎರಡನ್ನೂ ಒಂದೆಂದು ತಿಳಿಯುವುದರಿಂದಲೇ ಅನರ್ಥವಾಗುತ್ತದೆ. ಬೀಗ ಜಡಿದವನನ್ನು ಮನೆಯಿಂದ ಹೊರದೂಡಿದ ಮಾತ್ರಕ್ಕೆ ಬೀಗ ಕಳಚುವುದಿಲ್ಲ.

ಅಂಥ ಹೊತ್ತಿನಲ್ಲಿ ಮಾಡತಕ್ಕದ್ದೇನು? ಮೊದಲು ಅಂತರ್ಜಾಲದ ಸಂಪರ್ಕವನ್ನು ಕಡಿಯಬೇಕು. ಚುಚ್ಚಿರುವ ಪೆನ್‌ಡ್ರೈವು, ಹಾರ್ಡ್‌ಡಿಸ್ಕುಗಳನ್ನು ಕೀಳಬೇಕು. ಬೆದರಿಕೆಯ ಪತ್ರದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಬೇಕು. ಮುಚ್ಚಿಹೋದ ಕಡತಗಳನ್ನೂ ಆ ಪತ್ರವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ ಜೋಪಾನವಾಗಿಡಬೇಕು. ಇಂದು ತೆರೆಯದ ಬೀಗ ನಾಳೆ ತೆರೆಯಬಹುದು. ಅನಂತರ ಬೇರೆ ಕಂಪ್ಯೂಟರಿನಿಂದ ‘ನೋ ಮೋರ್ ರ‍್ಯಾನ್ಸಮ್’ ಎಂಬ ಜಾಲತಾಣವನ್ನು ನೋಡಬೇಕು. ನೆದರ್ಲೆಂಡಿನ ಪೊಲೀಸರೂ ಯೂರೋಪೋಲೂ ಎರಡು ಭದ್ರತಾ ಸಂಸ್ಥೆಗಳೂ ಸೇರಿ 2016ರಲ್ಲಿ ಇದನ್ನು ಆರಂಭಿಸಿದರು. ಒಂದೆರಡು ಕಡತಗಳನ್ನು ಒಪ್ಪಿಸಿದರೆ ಪಿಡುಗಿನ ಜಾತಿಯನ್ನು ಗುರುತಿಸಿ, ಬೀಗದ ಕೈ ಇದ್ದರೆ ಉಚಿತವಾಗಿ ಕೊಡುತ್ತದೆ. ಇಷ್ಟಾದ ಮೇಲೆಯೇ ಕಂಪ್ಯೂಟರನ್ನು ಶುದ್ಧಿ ಮಾಡಿಸಬೇಕು. ವಿಂಡೋಸನ್ನು ಹೊಸದಾಗಿ ಹಾಕಿಸುವುದೇ ನಿಶ್ಚಿತವಾದ ಮಾರ್ಗ. ಈ ಪಿಡುಗು ಬರುವಾಗ ಗುಪ್ತಪದಗಳನ್ನು ಕದಿಯುವ ಸಂಗಡಿಗನನ್ನೂ ಕರೆತರುವುದುಂಟು. ಆದುದರಿಂದ ಬ್ಯಾಂಕು ಮತ್ತು ಅಂಚೆಯ ಗುಪ್ತಪದಗಳನ್ನು ಬೇರೊಂದು ಯಂತ್ರದಿಂದ ಬದಲಿಸಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರನ್ನೂ ಕೊಡಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು.

ಹಣವನ್ನು ಕೊಟ್ಟುಬಿಟ್ಟರಾಗದೆ ಎಂದು ಕೆಲವರು ಕೇಳುವರು. ಕಳೆದುಕೊಂಡವರ ಸಂಕಟವನ್ನು ನಾವು ಬಲ್ಲೆವು, ಅವರನ್ನು ಹಳಿಯುವುದಿಲ್ಲ. ಆದರೂ ಕೊಡಕೂಡದೆಂದೇ ನಮ್ಮ ಮತ. ಕೊಟ್ಟ ಮಾತನ್ನು ಕಳ್ಳನು ನಡೆಸುವನೆಂಬುದಕ್ಕೆ ಜಾಮೀನು ಯಾರು? ಅಲ್ಲದೆ ಒಂದು ಮನೆಯವರು ಕೊಟ್ಟ ಹಣವು ಇನ್ನೊಂದು ಮನೆಗೆ ಬೀಗ ಮಾಡಿಸುವ ಬಂಡವಾಳವಾಗುತ್ತದೆ.

ಇದು ಅರಿಯದ ಬಡವರಿಗೆ ಮಾತ್ರ ಬರುವ ಆಪತ್ತೆಂದು ತಿಳಿಯಬೇಕಾಗಿಲ್ಲ. 2017ರ ಮೇ 12ರಂದು ‘ವಾನಾಕ್ರೈ’ ಲೋಕವನ್ನೆಲ್ಲ ಹಬ್ಬಿದಾಗ ಇಂಗ್ಲೆಂಡಿನ ಆಸ್ಪತ್ರೆಗಳು ತಲ್ಲಣಿಸಿದವು. ನೆರೆಯ ಆಂಧ್ರಪ್ರದೇಶದ ಪೊಲೀಸ್ ಕಂಪ್ಯೂಟರುಗಳಿಗೂ ಅದು ತಗುಲಿತು. ಅದನ್ನು ತಡೆಯುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಕೊಟ್ಟಿದ್ದಿತು; ಹಾಕಿಕೊಳ್ಳದವರು ಕೆಟ್ಟರು. 2019ರಲ್ಲಿ ತೆಲಂಗಾಣ ಮತ್ತು ಆಂಧ್ರದ ವಿದ್ಯುತ್ ವಿತರಣಾ ಸಂಸ್ಥೆಗಳಿಗೂ ಇದೇ ಬಗೆಯ ಪೀಡೆ ತಗುಲಿತು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳು ಮುಚ್ಚಿಹೋಗಿ, ರೋಗಿಗಳ ಚೀಟಿಯನ್ನು ಕೈಯಿಂದ ಬರೆಯಬೇಕಾಯಿತು. ಅಲ್ಲಿ ಮಾಹಿತಿಯನ್ನು ಉಳಿಸಿದುದು ಯಾವುದು? ಪಿಡುಗು ತಾಗದೆ ಬೇರೆಯಾಗಿ ಉಳಿದಿದ್ದ ಒಂದು ನಕಲು!

ನಮ್ಮ ಎರಡನೆಯ ಅಭಿಪ್ರಾಯವು ಈ ನಕಲನ್ನು ಕುರಿತದ್ದು. ನಮ್ಮ ಹಿರಿಯರು ತಾಳೆಗರಿಯನ್ನು ಪ್ರತಿಮಾಡಿಡುತ್ತಿದ್ದರು. ಒಂದು ಪ್ರತಿಯನ್ನು ಗೆದ್ದಲು ತಿಂದರೆ ಇನ್ನೊಂದು ಉಳಿಯುತ್ತಿದ್ದಿತು. ನಾವು ಆ ವಿವೇಕವನ್ನು ಮರೆತೆವು. ಪಾರ್ಕ್‌ಲೇನಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಕಂಪ್ಯೂಟರಿನ ಯಾವ ಬಿಡಿಭಾಗ ಬೇಕಾದರೂ ದೊರೆಯುತ್ತದೆ. ಅಳಿದುಹೋದ ಧ್ವನಿಯು ಯಾವ ಅಂಗಡಿಯಲ್ಲಿಯೂ ದೊರೆಯದು. ಬೇಕಾದ ಕಡತಗಳ ನಕಲನ್ನು ಒಂದು ಹಾರ್ಡ್‌ಡಿಸ್ಕಿನಲ್ಲಿ ತೆಗೆದು, ಕೆಲಸ ಮುಗಿದೊಡನೆ ಅದನ್ನು ಬಿಚ್ಚಿ ಬೀರುವಿನಲ್ಲಿಡಬೇಕು. ಸದಾ ಚುಚ್ಚಿಟ್ಟರೆ ಅದಕ್ಕೂ ಬೀಗ ಬೀಳುತ್ತದೆ. ಇನ್ನೊಂದು ನಕಲು ಮನೆಯಿಂದ ಹೊರಗಿರಲಿ. ತೇಪೆಗಳನ್ನು ಆಗಿಂದಾಗ ಹಾಕಿಕೊಳ್ಳಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆಯೆಂಬುದನ್ನು ಹಳೆಯ ಯಂತ್ರವುಳ್ಳವರು ನೆನಪಿನಲ್ಲಿಡಬೇಕು. ಪುಕ್ಕಟೆಯ ‘ಕ್ರ್ಯಾಕ್’ ನಮ್ಮ ಹೊಸ್ತಿಲು ದಾಟಕೂಡದು. ‘ನುಡಿ’ಯೂ ‘ಲಿಬ್ರೆಆಫೀಸ್’ ಎಂಬ ಬರವಣಿಗೆಯ ತಂತ್ರಾಂಶವೂ ನ್ಯಾಯವಾಗಿಯೇ ಉಚಿತವಾಗಿ ದೊರೆಯುವಾಗ ಕದ್ದ ಸರಕಿನ ಹಂಗೇಕೆ?

ಕೊನೆಯದಾಗಿ ಪೋಷಕರಲ್ಲಿ ಒಂದು ಮಾತು. ಆ ಬೆಳಿಗ್ಗೆ ಕಡತಗಳು ಕೆಟ್ಟಿರುವುದನ್ನು ಮೊದಲು ಕಂಡವನು ನಮ್ಮ ಮಗನೇ. ಬೈಗುಳಕ್ಕೆ ಅಂಜಿ ಮಧ್ಯಾಹ್ನದವರೆಗೆ ಬಾಯಿಬಿಡಲಿಲ್ಲ; ಅಷ್ಟು ಹೊತ್ತೂ ಯಂತ್ರವು ಅಂತರ್ಜಾಲಕ್ಕೆ ತೆರೆದೇ ಇದ್ದಿತು. ತಪ್ಪನ್ನು ಒಡನೆ ಹೇಳಬಲ್ಲ ಮಗು ಇರುವ ಮನೆಗೆ ಅದಕ್ಕಿಂತ ದೊಡ್ಡ ಕಾವಲಿಲ್ಲ. ಆ ಧೈರ್ಯವನ್ನು ನಾವು ಅವನಿಗೆ ಕೊಟ್ಟಿರಲಿಲ್ಲ. ವಿದ್ಯಾರ್ಥಿಗಳೇ, ನೀವೂ ಕೇಳಿರಿ: ತಿಳಿಯದೆ ಏನನ್ನಾದರೂ ಒತ್ತಿದ್ದರೆ ಅಂಜದೆ ಮನೆಯಲ್ಲಿ ಹೇಳಿರಿ. ಬೆದರಿಕೆ ಯಾವ ಭಾಷೆಯಲ್ಲಿಯೇ ಬರಲಿ, ಅದಕ್ಕೆ ಉತ್ತರವನ್ನು ನಮ್ಮ ಭಾಷೆಯಲ್ಲಿ ಯೋಚಿಸಿ ಕಂಡುಕೊಳ್ಳಬಹುದು. ಹಾಗೆಯೇ ಈ ವಾರವೇ ನಿಮ್ಮ ಅಜ್ಜಿಯವರ ಒಂದು ಹಾಡನ್ನು ಮುದ್ರಿಸಿಕೊಂಡು, ಅದನ್ನು ಎರಡು ಕಡೆ ಇಡಿರಿ. ನಮ್ಮಿಂದಾಗದೆ ಹೋದುದು ನಿಮ್ಮಿಂದಾದರೆ ನಮಗೆ ಅಷ್ಟೇ ಸಾಕು.