ಶೂನ್ಯ ಬಿಲ್ಲಿನ ಹಿಂದೆ ಮರೆಯಾದ ಲೆಕ್ಕ

ಕೊಬ್ಬರಿಯ ತೂಕದಲ್ಲಿ ನೂರು ಗ್ರಾಂ ಏರುಪೇರಾದರೂ ತಿಪಟೂರಿನ ಮಾರುಕಟ್ಟೆಯಲ್ಲಿ ವಾದಕ್ಕೆ ನಿಲ್ಲುವವರು ನಾವು. ಅಂಥ ನಾವೇ ಮನೆಗೆ ಬರುವ ವಿದ್ಯುತ್ ಬಿಲ್ಲನ್ನು ಓದುವುದನ್ನು ಮರೆತಿದ್ದೇವೆ. ಕಟ್ಟಬೇಕಾದ ಮೊತ್ತ ಶೂನ್ಯವೆಂದಿದ್ದರೆ ಉಳಿದ ಅಂಕಿಗಳನ್ನು ನೋಡುವವರು ಯಾರು?

2023ರ ಜೂನ್‌ನಲ್ಲಿ ಸೇವಾಸಿಂಧು ಜಾಲತಾಣದಲ್ಲಿ ಗೃಹಜ್ಯೋತಿಯ ನೋಂದಣಿ ಆರಂಭವಾದಾಗ ಮೊಬೈಲ್ ಬಲ್ಲ ಮಕ್ಕಳು ಹೆತ್ತವರ ಪರವಾಗಿ ಅರ್ಜಿ ತುಂಬಿದರು. ಅಲ್ಲಿಗೆ ಕೆಲಸ ಮುಗಿಯಿತೆಂದು ಭಾವಿಸಿದೆವು. ಎಲ್ಲರಿಗೂ 200 ಯೂನಿಟ್ ಉಚಿತವೆಂಬುದು ತಪ್ಪು ತಿಳಿವಳಿಕೆ. 2022-23ರ ತಿಂಗಳ ಸರಾಸರಿ ಬಳಕೆಗೆ ಶೇ. 10ರಷ್ಟು ಸೇರಿಸಿ ಪ್ರತಿ ಮನೆಯ ಪಾಲನ್ನು ನಿಗದಿಪಡಿಸಲಾಯಿತು. ನೂರು ಯೂನಿಟ್ ಬಳಸುತ್ತಿದ್ದ ಮನೆಗೆ ದೊರೆತದ್ದು 110. ಅದನ್ನು ಮೀರಿದ್ದಕ್ಕೆ ಹಣ ತೆರಬೇಕು; 200 ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು.

ಈ ಗೆರೆಯನ್ನು ದಾಟಿಸುವವು ಸಣ್ಣ ಸಂಗತಿಗಳೇ. ದಿನಕ್ಕೆ ಆರು ಗಂಟೆ ಉರಿಯುವ 60 ವ್ಯಾಟಿನ ಹಳೆಯ ಬಲ್ಬಿನ ಬದಲು 9 ವ್ಯಾಟಿನ ಎಲ್‌ಇಡಿ ಹಾಕಿದರೆ ತಿಂಗಳಿಗೆ ಸುಮಾರು 9 ಯೂನಿಟ್ ಉಳಿಯುತ್ತದೆ. 2 ಕಿಲೋವ್ಯಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ತಿಂಗಳಿಗೆ 30 ಯೂನಿಟ್ ನುಂಗುತ್ತದೆ. ನೊಣವಿನಕೆರೆಯ ಸುತ್ತಮುತ್ತ ತೆಂಗಿನ ಮಟ್ಟೆ, ಕರಟಗಳಿಗೆ ಕೊರತೆಯಿಲ್ಲ. ಹಂಡೆಯ ಒಲೆ ಇರುವ ಮನೆಯಲ್ಲಿಯೂ ಗೀಸರಿನ ಗುಂಡಿಯನ್ನೇ ಒತ್ತುವುದು ಯಾವ ಜಾಣತನ?

ಅರ್ಜಿ ತುಂಬಿದ ಯುವಕರ ಮೇಲೆ ಇನ್ನೊಂದು ಹೊಣೆಯಿದೆ. ಪ್ರತಿಯೊಬ್ಬರೂ ತಮ್ಮ ಬೀದಿಯ ಹತ್ತು ಮನೆಗಳನ್ನು ವಹಿಸಿಕೊಳ್ಳಲಿ. ತಿಂಗಳಿಗೊಮ್ಮೆ ತಾಯಂದಿರ ಜೊತೆ ಕುಳಿತು, ಮನೆಯ ಪಾಲೆಷ್ಟು, ಬಳಸಿದ್ದೆಷ್ಟು ಎಂದು ಬಿಲ್ಲಿನಿಂದ ಓದಿ ಹೇಳಲಿ. ಹಿಂದಿನ ತಿಂಗಳ ಅಂಕಿಯನ್ನು ಮೊಬೈಲಿನಲ್ಲಿ ಉಳಿಸಿಟ್ಟು ಹೋಲಿಸಿ ತೋರಿಸಲಿ. ಬಳಕೆ 200ನ್ನು ಮೀರುವ ಅನುಕೂಲಸ್ಥರ ಮನೆಗಳಿಗೆ 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯ ಬಗ್ಗೆ ತಿಳಿಸಲಿ; ಅದರಲ್ಲಿ 3 ಕಿಲೋವ್ಯಾಟಿನ ಮೇಲ್ಛಾವಣಿ ಘಟಕಕ್ಕೆ 78,000 ರೂಪಾಯಿ ಸಹಾಯಧನ ಗೊತ್ತುಪಡಿಸಲಾಗಿದೆ.

ಜಾಲತಾಣವು ಬಾಗಿಲನ್ನು ತೆರೆಯಬಲ್ಲದು, ದೀಪವನ್ನು ಆರಿಸಲಾರದು. ಆ ಕೆಲಸಕ್ಕೆ ಮನೆಯವರ ಕೈಯೇ ಬೇಕು. ನಾವು ಕಟ್ಟದ ಬಿಲ್ಲನ್ನು ಸರಕಾರದ ಬೊಕ್ಕಸ ಕಟ್ಟುತ್ತದೆ. ಆ ಬೊಕ್ಕಸಕ್ಕೆ ಬಡವನು ಕೊಳ್ಳುವ ಸಾಬೂನಿನ ತೆರಿಗೆಯೂ ಸೇರಿದೆ. ಉಚಿತವಾಗಿ ದೊರೆತದ್ದನ್ನು ಪೋಲು ಮಾಡುವವನು ನೆರೆಯವನ ಪಾಲನ್ನು ಪೋಲು ಮಾಡುತ್ತಾನೆ ಎಂಬುದನ್ನು ಮರೆಯದಿರೋಣ.