ಮಂಡಿಯೂರು ಅಂದವನ ಬಡ್ತಿ

ಮಂಡಿಯೂರುವುದು ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೌಡರ ಜಗಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತವರ ಮಕ್ಕಳು ನಾವು. ಆದರೆ ಇವತ್ತು ಹೇಳುವುದು ನಮ್ಮೂರ ಜಗಲಿಯ ಸುದ್ದಿಯಲ್ಲ, ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನದು. ಬಿಳಿ ತೊಗಲಿನವರೆಲ್ಲ ದೊರೆಗಳೇ ಅಂತ ನಂಬಿರುವ ಗೆಳೆಯರೂ, ಬ್ರಿಟಿಷರ ಶಿಸ್ತು ಅಂದರೆ ಶಿಸ್ತು ಕಣ್ರಿ ಅಂತ ಇವತ್ತಿಗೂ ಬಾಯಿ ಚಪ್ಪರಿಸುವ ಮೇಷ್ಟ್ರುಗಳೂ ಇದನ್ನು ಕೇಳಬೇಕು.

1906ರ ಫೆಬ್ರವರಿಯಲ್ಲಿ ರಾಜ ಏಳನೇ ಎಡ್ವರ್ಡ್ ಅದೇ ಪೋರ್ಟ್ಸ್‌ಮತ್‌ನಲ್ಲಿ ಡ್ರೆಡ್‌ನಾಟ್ ಎಂಬ ಯುದ್ಧನೌಕೆಯನ್ನು ನೀರಿಗಿಳಿಸಿದ. ಅದರ ಮುಂದೆ ಮಿಕ್ಕ ದೇಶಗಳ ಹಡಗುಗಳೆಲ್ಲ ಹಳೇ ತಗಡಾದವು. ಸರಿ, ಆ ಕಬ್ಬಿಣದ ಗುಡ್ಡ ಕದಲಬೇಕಾದರೆ ಅದರ ಹೊಟ್ಟೆಯೊಳಗೆ ಒಲೆ ಉರಿಯಬೇಕು. ಒಲೆಗೆ ಸಲಿಕೆ ಸಲಿಕೆ ಕಲ್ಲಿದ್ದಲು ಸುರಿಯುವವನು ಸ್ಟೋಕರ್. ಮೈತುಂಬ ಮಸಿ, ಬೇಯಿಸುವ ಸೆಕೆ, ಸೂರ್ಯನ ಮುಖವಿಲ್ಲ. ಮೇಲೆ ಗಾಳಿಯಲ್ಲಿ ಫಿರಂಗಿ ಹಿಡಿಯುವ ನಾವಿಕರು ಇವರನ್ನು ನಾವಿಕರು ಅಂತಲೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಇದು ಜಾತಿಯಲ್ಲ, ನಿಜ. ಸ್ಟೋಕರನ ಮಗ ಸ್ಟೋಕರನೇ ಆಗಬೇಕೆಂಬ ಕಟ್ಟಳೆ ಅಲ್ಲಿರಲಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ನಮ್ಮ ನೋವನ್ನು ನಾವೇ ಅಗ್ಗ ಮಾಡಿಕೊಳ್ಳೋದು ಬೇಡ. ಆದರೆ ಕೆಲಸದ ಮಸಿಯನ್ನೇ ಮನುಷ್ಯನ ಬೆಲೆ ಅನ್ನುವ ಬುದ್ಧಿ ನಮಗೆ ಗುರುತಿಲ್ಲದ್ದೇನಲ್ಲ.

ಅದೇ ವರ್ಷ ನವೆಂಬರ್ 4, ಭಾನುವಾರ. ನೌಕಾ ಬ್ಯಾರಕ್ಕಿನ ಮೈದಾನದಲ್ಲಿ ಸ್ಟೋಕರುಗಳು ಸಾಲಾಗಿ ನಿಂತಿದ್ದಾಗ ಮಳೆ ಬಂತು. ಸಾಲು ಕೆಟ್ಟಿತು, ಹುಡುಗರು ಸೂರಿಗೆ ಓಡಿದರು. ಲೆಫ್ಟಿನೆಂಟ್ ಬರ್ನಾರ್ಡ್ ಕೊಲಾರ್ಡ್ ಎಂಬ ಅಧಿಕಾರಿ ಅವರನ್ನು ವ್ಯಾಯಾಮಶಾಲೆಯಲ್ಲಿ ಸೇರಿಸಿ ಬುದ್ಧಿ ಹೇಳಲು ನಿಂತ. ಬಾಯಿಂದ ಬಂದ ಆಜ್ಞೆ: ಮಂಡಿಯೂರಿ! ಆಜ್ಞೆ ಬಂದ ಕೂಡಲೇ ಎಲ್ಲ ಮಂಡಿಗಳೂ ಬಾಗಲಿಲ್ಲ. ಆ ರಾತ್ರಿ ಬ್ಯಾರಕ್ಕಿನಲ್ಲಿ ಗಾಜು ಪುಡಿಯಾಯಿತು, ಕುರ್ಚಿ ಮೇಜು ಹಾರಿದವು. ಮರುರಾತ್ರಿಯೂ ಗಲಾಟೆ ನಿಲ್ಲಲಿಲ್ಲ.

ವಿಚಾರಣೆ ನಡೆಯಿತು. ಎಡ್ವಿನ್ ಮೂಡಿ ಎಂಬ ಸ್ಟೋಕರನಿಗೆ ಐದು ವರ್ಷದ ಕಠಿಣ ಸಜೆ. ಕೂಗು ಎದ್ದ ಮೇಲೆ ಅದನ್ನು ಮೂರಕ್ಕೆ ಇಳಿಸಿದರು. ದೊಡ್ಡ ಮನಸ್ಸು! ಕೊಲಾರ್ಡನ ವಿಚಾರಣೆಯೂ ಆಯಿತು, ಇಲ್ಲ ಅನ್ನೋಲ್ಲ. ಹಿಂದಿನ ವರ್ಷ ಆಕ್ಟನ್ ಎಂಬ ಇನ್ನೊಬ್ಬ ಸ್ಟೋಕರನನ್ನೂ ಹೀಗೇ ಒಬ್ಬೊಂಟಿಯಾಗಿ ಮಂಡಿಯೂರಿಸಿ, ಕೊಳಕು ನಾಯಿ ಅಂದ ಅಂತ ಆಪಾದನೆ ಬಂತು. ನಾಯಿ ಅಂದದ್ದು ರುಜುವಾತಾಗಲಿಲ್ಲ. ಮಂಡಿಯೂರಿಸಿದ್ದು ನಿಯಮದಲ್ಲಿಲ್ಲದ ಶಿಕ್ಷೆ ಅಂತ ಛೀಮಾರಿ ಸಿಕ್ಕಿತು. ಅಷ್ಟೇ. ಒಬ್ಬನಿಗೆ ಸೆರೆಮನೆ, ಇನ್ನೊಬ್ಬನಿಗೆ ಒಂದು ಮಾತು.

ಕೊಲಾರ್ಡನ ಪರ ನಿಂತವರ ವಾದ ಏನು ಗೊತ್ತೇ? ಮಂಡಿಯೂರಿ ಅನ್ನುವುದು ಫಿರಂಗಿ ಕವಾಯತಿನ ಮಾಮೂಲು ಆಜ್ಞೆ, ಮುಂದಿನ ಸಾಲು ಕೂತರೆ ಹಿಂದಿನವರಿಗೆ ಅಧಿಕಾರಿ ಕಾಣುತ್ತಾನೆ, ಇದರಲ್ಲಿ ಅವಮಾನ ಎಲ್ಲಿ ಬಂತು ಅಂತ. ಇಲ್ಲೇ ನಾವು ನಿಂತು ನೋಡಬೇಕು. ಬಾಗಿಸುವವರು ಎಂದೂ ಬಾಗಿಸಿದೆವು ಅನ್ನೋದಿಲ್ಲ. ಕವಾಯತು ಅಂತಾರೆ, ಪದ್ಧತಿ ಅಂತಾರೆ, ಹಿಂದಿನಿಂದ ನಡೆದುಬಂದದ್ದು ಅಂತಾರೆ. ಚಪ್ಪಲಿ ಕೈಯಲ್ಲಿ ಹಿಡಿದು ಮೇಲುಕೇರಿ ದಾಟಿದ ನಮ್ಮ ಅಜ್ಜಂದಿರಿಗೂ ಇದೇ ಮಾತು ಹೇಳಿದ್ದರು. ಫಿರಂಗಿಯೇ ಇಲ್ಲದ ವ್ಯಾಯಾಮಶಾಲೆಯಲ್ಲಿ, ಮಳೆಗೆ ನೆಂದ ಹುಡುಗರಿಗೆ ಯಾವ ಕವಾಯತು ಸ್ವಾಮಿ? ನಮ್ಮ ಮೇಷ್ಟ್ರು ಗೆಳೆಯರ ಮೇಲೂ ಒಂದು ಮಾತು ಬಾಕಿ ಇದೆ. ಶಾಲೆಯಲ್ಲಿ ಮಕ್ಕಳ ಮೈಗೆ, ಮನಸ್ಸಿಗೆ ನೋವು ಮಾಡುವ ಶಿಕ್ಷೆಯನ್ನು 2009ರ ಕಾನೂನು ನಿಷೇಧಿಸಿದೆ. ಆದರೂ ತಡವಾಗಿ ಬಂದ ಹುಡುಗನನ್ನು ನಮ್ಮಲ್ಲೇ ಕೆಲವರು ಬಾಗಿಲಲ್ಲಿ ಮೊಣಕಾಲೂರಿಸುತ್ತೇವೆ. ಅವನು ಬೆಳಿಗ್ಗೆ ಯಾರ ಕೊಟ್ಟಿಗೆ ಬಾಚಿ ಬಂದ ಅಂತ ಕೇಳಿದ್ದೇವಾ?

ಕೊಲಾರ್ಡನಿಗೆ ಛೀಮಾರಿ ಮೆಟ್ಟಿಲಾಗದಿದ್ದರೂ ಅಡ್ಡಗೋಡೆಯಂತೂ ಆಗಲಿಲ್ಲ. ಕ್ಯಾಪ್ಟನ್ ಆದ, ಮೊದಲ ಮಹಾಯುದ್ಧದಲ್ಲಿ ಪದಕ ಬಂತು, ಕಡೆಗೆ ರಿಯರ್ ಅಡ್ಮಿರಲ್. 1928ರ ಹೊತ್ತಿಗೆ ಮಾಲ್ಟಾದಲ್ಲಿ ರಾಯಲ್ ಓಕ್ ಹಡಗಿನ ಮೇಲೆ ಅವನದೇ ಬಾವುಟ. ಆ ಜನವರಿಯಲ್ಲಿ ಹಡಗಿನ ಮೇಲೆ ನೃತ್ಯಕೂಟ. ವಾದ್ಯ ಹಿಡಿಸಲಿಲ್ಲ ಅಂತ ಬ್ಯಾಂಡ್ ಮಾಸ್ಟರ್ ಪರ್ಸಿ ಬಾರ್ನಕಲ್‌ನನ್ನು ಅತಿಥಿಗಳ ಕಿವಿಗೆ ಬೀಳುವ ಹಾಗೆ ಹೊಲಸು ಮಾತಲ್ಲಿ ಬೈದ. ಇಪ್ಪತ್ತೆರಡು ವರ್ಷವಾಗಿತ್ತು, ನಾಲಿಗೆ ಅದೇ.

ಈ ಸಲ ಮಾತ್ರ ಸಾಮ್ರಾಜ್ಯ ಅಲುಗಿತು. ಯಾಕೆಂದರೆ ಅವನ ಕಿರುಕುಳ ಈಗ ಕ್ಯಾಪ್ಟನ್ ಡ್ಯೂವರ್, ಕಮಾಂಡರ್ ಡೇನಿಯಲ್ ಎಂಬ ಅಧಿಕಾರಿಗಳಿಗೂ ತಟ್ಟಿತ್ತು. ಅವರು ದೂರು ಬರೆದರು. ವಿಚಾರಣೆಗಾಗಿ ನೌಕಾಪಡೆಯ ಸಮರಾಭ್ಯಾಸವೇ ತಡವಾಯಿತು. ಪಾರ್ಲಿಮೆಂಟಿನಲ್ಲಿ ಚರ್ಚೆ, ಪತ್ರಿಕೆಗಳಿಗೆ ಹಬ್ಬ. ದೂರು ಕೊಟ್ಟವರನ್ನೇ ಜಿಬ್ರಾಲ್ಟರಿನಲ್ಲಿ ಕೋರ್ಟ್ ಮಾರ್ಷಲ್ ಮಾಡಿ ಹಡಗಿನಿಂದ ಇಳಿಸಿದರು, ಅದೂ ಹಳೇ ಪದ್ಧತಿಯೇ. ಆದರೆ ಕೊಲಾರ್ಡನನ್ನೂ ನಿವೃತ್ತರ ಪಟ್ಟಿಗೆ ತಳ್ಳಬೇಕಾಯಿತು. ನೂರಾರು ಸ್ಟೋಕರುಗಳ ಸಿಟ್ಟು ಮಾಡಲಾಗದ್ದನ್ನು ಇಬ್ಬರು ಅಧಿಕಾರಿಗಳ ಕಾಗದ ಮಾಡಿತು.

ಆ ದೂರಿನ ಹಿಂದಿನ ಸಂಗತಿ ಇನ್ನೊಂದಿದೆ. 1928ರ ಮಾರ್ಚಿನಲ್ಲಿ ಒಂದು ದಿನ ಕೊಲಾರ್ಡ್ ಹಡಗಿನಿಂದ ದೋಣಿಗೆ ಇಳಿಯಬೇಕಿತ್ತು. ಏಣಿ ತಾನು ಹೇಳಿದಂತೆ ಸಿದ್ಧವಿಲ್ಲ ಅಂತ ಎಲ್ಲರೆದುರು ಕ್ಯಾಪ್ಟನ್ ಮೇಲೆ ಹರಿಹಾಯ್ದ. ನನ್ನನ್ನು ಎಳೆಯ ಮಿಡ್‌ಶಿಪ್‌ಮನ್‌ಗಿಂತ ಕಡೆಯಾಗಿ ನಡೆಸಿಕೊಳ್ಳುತ್ತಿದ್ದಾರೆ ಅಂತ ಅವನ ಗೋಳು.