ಮೊದಲು ಬಂದದ್ದು ರನ್‌ವೇ

ಶಿವಮೊಗ್ಗಕ್ಕೆ ವಿಮಾನ ಬೇಡವಾಗಿತ್ತು ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದವರಿಗೆ ಅಭಿವೃದ್ಧಿ ವಿರೋಧಿಗಳೆಂಬ ಹಣೆಪಟ್ಟಿ ತಯಾರಾಗಿಯೇ ಇರುತ್ತದೆ. ನಮ್ಮ ಹೆಸರು ನೋಡಿದ ಮೇಲೆ ಅದಕ್ಕೆ ಇನ್ನೂ ಒಂದೆರಡು ಪದ ಸೇರುತ್ತವೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇವೆ: 2023ರ ಫೆಬ್ರವರಿ 27ರಂದು ಪ್ರಧಾನಿಯವರು ಸೋಗಾನೆಯಲ್ಲಿ ಉದ್ಘಾಟಿಸಿದ ವಿಮಾನ ನಿಲ್ದಾಣ ನಮ್ಮದೂ ಹೌದು. ಅದಕ್ಕೆ ಖರ್ಚಾದ ಸುಮಾರು 450 ಕೋಟಿ ರೂಪಾಯಿಯಲ್ಲಿ, ತಾಳಗುಪ್ಪದ ಅಂಗಡಿಯಲ್ಲಿ ಸೋಪು ಕೊಂಡವರ ತೆರಿಗೆಯೂ ಇದೆ. ನಮ್ಮ ತಕರಾರು ಇರುವುದು ಸರದಿಯ ಬಗ್ಗೆ. ಈ ಜಿಲ್ಲೆಯಲ್ಲಿ ಯಾರ ಕೆಲಸ ಮೊದಲು, ಯಾರದು ಆಮೇಲೆ ಎಂದು ತೀರ್ಮಾನಿಸುವವರು ಯಾರು?

ಸೋಗಾನೆಯ ನಿಲ್ದಾಣದ ಪಕ್ಕದಲ್ಲಿ ಇನ್ನೊಂದು ಕಾಮಗಾರಿಯನ್ನಿಟ್ಟು ನೋಡೋಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ನಿಂತಾಗ ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಭಾಗದ ಹಳ್ಳಿಗಳು ಹೆಚ್ಚುಕಡಿಮೆ ದ್ವೀಪವಾದವು. ಅಲ್ಲಿಯ ಜನ ತಾಲ್ಲೂಕು ಕಚೇರಿಗೆ, ಕಾಲೇಜಿಗೆ, ಆಸ್ಪತ್ರೆಗೆ ಬರಬೇಕಾದರೆ ಹೊಳೆಬಾಗಿಲಿನ ಲಾಂಚನ್ನೇ ನಂಬಿದ್ದರು. ಸಂಜೆಯಾದ ಮೇಲೆ ಲಾಂಚಿಲ್ಲ. ಬೇಸಿಗೆಯಲ್ಲಿ ನೀರಿಳಿದರೆ ಲಾಂಚಿಗೆ ವಾಹನ ಹತ್ತಿಸುವುದೂ ಕಷ್ಟ. ರಾತ್ರಿ ಹೆರಿಗೆ ನೋವು ಬಂದವಳು ಬೆಳಗಾಗುವುದನ್ನು ಕಾಯಬೇಕು, ಇಲ್ಲವೇ ಸುತ್ತುಬಳಸಿನ ಕಾಡುದಾರಿ ಹಿಡಿಯಬೇಕು. ಈ ನೀರಿನಿಂದ ಹುಟ್ಟಿದ ವಿದ್ಯುತ್ತು ಬೆಂಗಳೂರಿನ ಕಾರ್ಖಾನೆಗಳನ್ನು ನಡೆಸಿತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು. ಅಣೆಕಟ್ಟು ಮುಗಿದು 61 ವರ್ಷಗಳ ನಂತರ! ಅದರ ಖರ್ಚು ಸುಮಾರು 470 ಕೋಟಿ.

ಈ ಎರಡು ಅಂಕಿಗಳನ್ನು ಇನ್ನೊಮ್ಮೆ ಓದಿ. ಒಂದು ವಿಮಾನ ನಿಲ್ದಾಣಕ್ಕೂ ಒಂದು ಸೇತುವೆಗೂ ಆದ ಖರ್ಚು ಹೆಚ್ಚುಕಡಿಮೆ ಒಂದೇ. ಅಂದರೆ ಹಣವಿರಲಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಎರಡೂ ಕಡೆ ಕೆಲಸ ನಡೆದ ವರ್ಷಗಳೂ ಹೆಚ್ಚುಕಡಿಮೆ ಅವೇ. ಆದರೆ ಮೊದಲು ಮುಗಿದದ್ದು ರನ್‌ವೇ. ಆರು ದಶಕ ಲಾಂಚಿಗೆ ಕಾದವರು, ವಿಮಾನ ಬಂದ ಮೇಲೂ ಎರಡು ವರ್ಷ ಲಾಂಚಿಗೇ ಕಾದರು.

ವಿಮಾನವಾದರೂ ತಕ್ಷಣ ಬಂತೇ? ಫೆಬ್ರವರಿ 27 ಯಡಿಯೂರಪ್ಪನವರ ಹುಟ್ಟುಹಬ್ಬ. ರಿಬ್ಬನ್ ಆ ದಿನಕ್ಕೆ ಸರಿಯಾಗಿ ಕತ್ತರಿಸಲಾಯಿತು. ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದದ್ದು ಆಗಸ್ಟ್ 31ಕ್ಕೆ. ಆಗ ಅಲ್ಲಿ ರಾತ್ರಿ ಇಳಿಯುವ ವ್ಯವಸ್ಥೆಯೇ ಇರಲಿಲ್ಲ. ಹೊಳೆಬಾಗಿಲಿನ ಲಾಂಚಿನಂತೆ ಸೋಗಾನೆಯ ವಿಮಾನಕ್ಕೂ ಕತ್ತಲೆಂದರೆ ಭಯ. ಈ ಒಂದು ವಿಷಯದಲ್ಲಿ ಮಾತ್ರ ಸರಕಾರ ಬಡವ ಬಲ್ಲಿದರನ್ನು ಸಮನಾಗಿ ಕಂಡಿತೆನ್ನಬೇಕು.

ಹವಾಯಿ ಚಪ್ಪಲಿ ಹಾಕಿದವನೂ ಹವಾಯಿ ಜಹಾಜು ಹತ್ತಬೇಕೆಂದು 2017ರಲ್ಲಿ ಉಡಾನ್ ಯೋಜನೆಯ ಮೊದಲ ವಿಮಾನಕ್ಕೆ ಚಾಲನೆ ಕೊಡುವಾಗ ಪ್ರಧಾನಿ ಹೇಳಿದ್ದರು. ಕೇಳಲು ಚೆನ್ನಾಗಿದೆ. ಉರ್ದುವಿನಲ್ಲಿ 'ಹವಾಯಿ ಕಿಲೆ' ಎಂಬ ಮಾತೂ ಇದೆ, ಗಾಳಿಯಲ್ಲಿ ಕಟ್ಟಿದ ಕೋಟೆ ಎಂದರ್ಥ. ಉಡಾನ್‌ನ ಅಗ್ಗದ ದರ ವಿಮಾನದ ಕೆಲವು ಆಸನಗಳಿಗಷ್ಟೇ. ನಷ್ಟ ತುಂಬಲು ವಿಮಾನ ಕಂಪೆನಿಗೆ ಸಿಗುವ ನೆರವು ಮೂರು ವರ್ಷಕ್ಕಷ್ಟೇ. ಆಮೇಲೆ ಏನಾಗಬಹುದೆಂದು ತಿಳಿಯಲು ಬೀದರನ್ನು ನೋಡಿದರೆ ಸಾಕು. ಅಲ್ಲಿ 2020ರ ಫೆಬ್ರವರಿಯಲ್ಲಿ ಶುರುವಾದ ವಿಮಾನ 2023ರ ಕೊನೆಗೆ ನಿಂತುಹೋಯಿತು. ಮತ್ತೆ ಹಾರಿದ್ದು 2025ರ ಏಪ್ರಿಲ್‌ನಲ್ಲಿ, ಅದೂ ರಾಜ್ಯ ಸರಕಾರ ಕೈಯಿಂದ ಹಣ ಕೊಟ್ಟ ಮೇಲೆ.

ಇನ್ನು ತಾಳಗುಪ್ಪದ ಲೆಕ್ಕ. ಇಲ್ಲಿಗೆ ರೈಲು ಬಂದದ್ದು 1940ರಲ್ಲಿ. ಆಮೇಲೆ ಹಳಿ ಒಂದು ಮಾರೂ ಮುಂದೆ ಹೋಗಲಿಲ್ಲ. ಮೀಟರ್‌ಗೇಜಿನಲ್ಲಿ ರೈಲುಬಸ್ಸು ಕುಂಟುತ್ತಾ ಓಡಾಡಿತು. ಬ್ರಾಡ್‌ಗೇಜಾಗಲು 2011ರವರೆಗೆ ಕಾಯಬೇಕಾಯಿತು. ಈಗ ರಾತ್ರಿ ಇಲ್ಲಿ ಮೈಸೂರು ರೈಲು ಹತ್ತಿ ಮಲಗಿದರೆ ಬೆಳಗಿನ ಜಾವ ಬೆಂಗಳೂರು. ವಿಮಾನದಲ್ಲಿ ಹೋಗುವವನು ಸಾಗರಕ್ಕೆ ಒಂದು ಬಸ್ಸು, ಶಿವಮೊಗ್ಗಕ್ಕೆ ಇನ್ನೊಂದು, ಅಲ್ಲಿಂದ ಸೋಗಾನೆಗೆ ಆಟೋ ಎಂದು ಸುಮಾರು 100 ಕಿಲೋಮೀಟರ್ ನೆಲದ ಮೇಲೇ ಸವೆಸಬೇಕು, ಒಂದು ತಾಸಿನ ಹಾರಾಟಕ್ಕಾಗಿ. ದೇವನಹಳ್ಳಿಯಲ್ಲಿಳಿದ ಮೇಲೆ ಬೆಂಗಳೂರಿನ ದಾರಿ ಬೇರೆ. ನಮ್ಮ ತಾಲ್ಲೂಕುಗಳಲ್ಲಿ ಸರಕಾರಿ ಬಸ್ಸೇ ಅಪರೂಪ. 2023ರಿಂದ ಮಹಿಳೆಯರಿಗೆ ಉಚಿತ ಪ್ರಯಾಣವಿದ್ದರೂ ಹೊಸನಗರದ, ತೀರ್ಥಹಳ್ಳಿಯ ಒಳದಾರಿಗಳಲ್ಲಿ ನಮ್ಮ ಅಕ್ಕತಂಗಿಯರು ಖಾಸಗಿ ಬಸ್ಸಿಗೆ ದುಡ್ಡು ಕೊಟ್ಟೇ ಓಡಾಡುತ್ತಾರೆ.

ನಮ್ಮ ಕಡೆಯಿಂದ ನಿಜವಾಗಿ ವಿಮಾನ ಹತ್ತುವವರು ಯಾರು? ದಮಾಮ್, ದುಬೈ, ಮಸ್ಕತ್‌ಗಳಲ್ಲಿ ದುಡಿಯುವ ಹುಡುಗರು. ಸೋಗಾನೆಯ ರನ್‌ವೇ 3,200 ಮೀಟರ್, ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಅದೇ ಉದ್ದ ಎಂದು ಎದೆ ತಟ್ಟಿಕೊಂಡು ಹೇಳಲಾಯಿತು. ದೊಡ್ಡ ಏರ್‌ಬಸ್ಸುಗಳು ಇಳಿಯುವ ಉದ್ದ. ಅದರ ಮೇಲೆ ಇಳಿಯತೊಡಗಿದ್ದು ಅದರ ಅರ್ಧದಷ್ಟೂ ಬೇಕಿಲ್ಲದ ಎಟಿಆರ್ ವಿಮಾನ. ಕೊಲ್ಲಿಗೆ ಹೋಗುವ ಹುಡುಗ ಮಾತ್ರ ತಾಯಿ ಕಟ್ಟಿಕೊಟ್ಟ ಉಪ್ಪಿನಕಾಯಿ ಡಬ್ಬಿ ಹಿಡಿದು ಘಟ್ಟ ಇಳಿದು ಮಂಗಳೂರಿಗೋ, ಇಲ್ಲವೇ ಬೆಂಗಳೂರಿಗೋ ಹೋಗಬೇಕು.

ಕಾಯಿಲೆಯವರ ಕತೆ ಇದಕ್ಕಿಂತ ಕಷ್ಟದ್ದು. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಮಂಗನ ಕಾಯಿಲೆ ಹಲವರನ್ನು ಬಲಿ ತೆಗೆದುಕೊಂಡಿತು. ಈ ರೋಗ ಮೊದಲು ಪತ್ತೆಯಾದದ್ದೇ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಆರು ದಶಕಗಳಾದ ಮೇಲೂ ಜ್ವರ ಏರಿದವರನ್ನು ಆಂಬುಲೆನ್ಸಿನಲ್ಲಿ ಮಲಗಿಸಿಕೊಂಡು ಘಟ್ಟದ ತಿರುವುಗಳನ್ನು ಇಳಿದು ಮಣಿಪಾಲಕ್ಕೆ ಒಯ್ಯಬೇಕಾಯಿತು. ಬಳಸುತ್ತಿದ್ದ ಲಸಿಕೆಯೂ 2022ರಲ್ಲಿ ನಿಂತಿತು. ತರಗೆಲೆ ಗುಡಿಸಲು ಕಾಡಿಗೆ ಹೋಗುವ ಹೆಂಗಸಿಗೆ ಬೇಕಾದದ್ದು ಸಾಗರದಲ್ಲೊಂದು ಸಜ್ಜಾದ ತೀವ್ರ ನಿಗಾ ಘಟಕ. ಅದಕ್ಕೆ 450 ಕೋಟಿ ಬೇಕಾಗಿರಲಿಲ್ಲ.

ಇಷ್ಟೆಲ್ಲ ಇರುವಾಗ ನಮ್ಮ ನಾಯಕರು ಜಗಳವಾಡಿದ್ದು ಯಾವುದಕ್ಕೆ? ಕಟ್ಟಡ ಕಮಲದ ಹಾಗಿದೆಯೋ ಇಲ್ಲವೋ ಎಂದು! ಹೂವಿನ ಆಕಾರ ಆಕಾಶದಿಂದ ನೋಡುವವರ ಚಿಂತೆ. ಹೆಸರಂತೂ ಕುವೆಂಪು ಅವರದ್ದು. ಇದಕ್ಕಿಂತ ಒಳ್ಳೆಯ ಹೆಸರು ಈ ಜಿಲ್ಲೆಯಲ್ಲಿ ಸಿಗುವುದಿಲ್ಲ, ನಮಗೆ ಸಂತೋಷವೇ. ಆದರೆ ಅದಕ್ಕೆ ಒಂದು ವರ್ಷ ಮುಂಚೆ, 2022ರ ಮಾರ್ಚಿನಲ್ಲಿ, ಅದೇ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ವರ್ಷಾನುಗಟ್ಟಲೆ ಬಳೆ, ಆಟಿಕೆ ಮಾರಿಕೊಂಡಿದ್ದವರು ಗಂಟುಮೂಟೆ ಕಟ್ಟಿ ವಾಪಸು ಹೋದರು. ವಿಶ್ವಮಾನವನ ಹೆಸರನ್ನು ಗೋಡೆಯ ಮೇಲೆ ಬರೆಸುವುದು ಸುಲಭ. ಜಾತ್ರೆಯಲ್ಲಿ ಬಳೆಗಾರನಿಗೆ ಆರಡಿ ಜಾಗ ಕೊಡಲು ಯಾರ ಅಪ್ಪಣೆ ಬೇಕಿತ್ತು?

ನೆಲದ ಮಾತು ಬಂದದ್ದರಿಂದ ಇನ್ನೊಂದನ್ನು ಸೇರಿಸಬೇಕು. ಶರಾವತಿಯಲ್ಲಿ ಮುಳುಗಿದ ಊರುಗಳ ಜನರಿಗೆ ಕಾಡು ಬಿಡಿಸಿ ಜಮೀನು ಕೊಡಲಾಗಿತ್ತು. ಆ ಕಾಡನ್ನು ಡಿನೋಟಿಫೈ ಮಾಡಿದ ಆದೇಶಗಳು 2021ರಲ್ಲಿ ಹೈಕೋರ್ಟಿನಲ್ಲಿ ರದ್ದಾದವು. ಅಜ್ಜ ಮನೆ ಕಳೆದುಕೊಂಡ, ಮೊಮ್ಮಗ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾನೆ. ರನ್‌ವೇಗೆ ನೂರಾರು ಎಕರೆಯ ದಾಖಲೆಗಳನ್ನು ಸರಿಪಡಿಸಿಕೊಳ್ಳುವ ಜಾಣತನವಿದ್ದ ಕಂದಾಯ ಇಲಾಖೆಗೆ ಇವರ ಎರಡು ಎಕರೆಯ ಕಾಗದ ಅರವತ್ತು ವರ್ಷ ಸಿಗಲಿಲ್ಲ.

ಮುಂದಿನ ಬಜೆಟ್ಟಿನಲ್ಲೂ ಸೋಗಾನೆಗೆ ಹಣ ಕೇಳುವವರು ಇದ್ದೇ ಇರುತ್ತಾರೆ. ಕೇಳಲಿ. ಆದರೆ ಅದೇ ಸಭೆಯಲ್ಲಿ ಸಾಗರದ ಆಸ್ಪತ್ರೆಯ ಕಡತವನ್ನು, ಮುಳುಗಡೆಯವರ ಹಕ್ಕುಪತ್ರದ ಕಡತವನ್ನು, ವಿಮಾನದ ಹೊತ್ತಿಗೆ ಹೊಂದುವಂತೆ ತಾಳಗುಪ್ಪ, ಹೊಸನಗರ, ತೀರ್ಥಹಳ್ಳಿಗಳಿಂದ ಸರಕಾರಿ ಬಸ್ಸು ಹೊರಡಿಸುವ ಕಡತವನ್ನು ಮೇಲಿಡುವವರು ಯಾರು? ವಿಧಾನಸೌಧದಲ್ಲಿ ನಮ್ಮ ಮೂರೂ ತಾಲ್ಲೂಕುಗಳ ಮತ ಪಡೆದು ಕುಳಿತವರಿದ್ದಾರೆ. ಈ ಪ್ರಶ್ನೆಯನ್ನು ಅವರ ಮುಂದಿಟ್ಟಿದ್ದೇವೆ.